ಎತ್ತಿ ಹೇಳಿದವಳು ಯಾರು?

ಸಿದ್ದಾಪುರ
೨೬-೨-೧೯೬೫

ಪೂಜ್ಯ ಹೊನ್ನಮ್ಮ ಟೀಚರಿಗೆ ಕಮಲಳ ನಮಸ್ಕಾರಗಳು.

ಪತ್ರದಲ್ಲಿ ಮೊದಲು ಕ್ಷೇಮಸಮಾಚಾರ ಬರೆಯಬೇಕೆಂದು ಇಲ್ಲಿಯ ಶಾಲೆಯಲ್ಲಿ ನೀವೇ ಕಲಿಸಿದ್ದಿರಿ. ಬರೆಯಲು ಕೂತರೆ ಸುಳ್ಳು ಬರೆದ ಹಾಗಾಗುತ್ತದೆ. ಅದನ್ನು ಬಿಟ್ಟುಬಿಡುತ್ತೇನೆ.

ಮದುವೆಯಾಗಿ ಚೇರಂಬಾಣೆಗೆ ಹೋದೆ. ವಾರ ಕಳೆದ ಮೇಲೆ ಇವರ ಜೊತೆ ಅಪ್ಪನ ಮನೆಗೆ ಊಟಕ್ಕೆ ಬಂದೆ. ಮಾರನೇ ದಿನ ಬೆಳಿಗ್ಗೆ ಇವರ ದೊಡ್ಡಪ್ಪ ಪರಮೇಶಪ್ಪನವರು ಜೀಪಿನಲ್ಲಿ ಬಂದು ಇವರನ್ನು ಮಾತ್ರ ಕರೆದುಕೊಂಡು ಹೋದರು. ನನ್ನ ಟ್ರಂಕು ಜಗಲಿಯಲ್ಲೇ ಉಳಿಯಿತು. ಇವರು ತಿರುಗಿ ನೋಡಿದರೋ ಇಲ್ಲವೋ ತಿಳಿಯದು. ಜೀಪಿನ ಹಿಂದಿನ ಟಾರ್ಪಾಲು ಇಳಿಬಿಟ್ಟಿತ್ತು.

ಇಷ್ಟಕ್ಕೆಲ್ಲ ಕಾರಣ ಸೋಬಾನೆ ಹಾಡು. ಧಾರೆಯಾಗಿ ನಾವು ಹಸೆಯಲ್ಲಿ ಕೂತಿದ್ದಾಗ ಎರಡೂ ಮನೆಯ ಕುಲದ ಬಳಿ ಹೇಳುವ ಸಾಲು ಬಂತು. ಗಂಡಿನದು ನಂದರ ಬಳಿ ಎಂದರು ಹಾಡುತ್ತಿದ್ದ ಪೂವಮ್ಮಜ್ಜಿ, ಸರಿ. ಹೆಣ್ಣಿನದೂ ನಂದರ ಬಳಿ ಎಂದುಬಿಟ್ಟರು. ಹಿಂದಿನ ದನಿಯೂ ಅದನ್ನೇ ಎತ್ತಿ ಹೇಳಿತು. ನಮ್ಮದು ಬಂಗಾರು ಬಳಿ. ಒಂದೇ ಬಳಿಯವರಾದರೆ ಇವರು ನನಗೆ ಅಣ್ಣನಾಗಬೇಕು!

ಅಂದು ಯಾರೂ ತಡೆಯಲಿಲ್ಲ, ವಾರದೊಳಗೆ ಮಾತು ಬೆಳೆಯಿತು. ಜೀಪು ಬಂದ ದಿನ, ಬಾಯಿ ತಪ್ಪಿ ಬಂದದ್ದು ಎಂದು ಅಪ್ಪ ಕೈಮುಗಿದು ಹೇಳಿದರು. ಪರಮೇಶಪ್ಪನವರು ಒಪ್ಪಲಿಲ್ಲ. “ಒಬ್ಬಳ ಬಾಯಿ ತಪ್ಪುದು ಉಟ್ಟು. ಹಿಂದೆ ಕೂತು ಎತ್ತಿ ಹೇಳಿದವಳ ಬಾಯಿಯೂ ತಪ್ಪಿತಾ? ಅದೂ ಹೊನ್ನಮ್ಮ ಟೀಚರ ಬಾಯಿ?” ಎಂದು ಕೇಳಿದರು. ನಮ್ಮ ಮುತ್ತಜ್ಜ ಘಟ್ಟದ ಕೆಳಗೆ ಸಂಪಾಜೆಯಿಂದ ಬಂದವರು. ಅಲ್ಲಿ ಯಾವ ಬಳಿಯವರಾಗಿದ್ದರೋ, ಇಲ್ಲಿ ಬಂದು ಏನು ಹೇಳಿಕೊಂಡರೋ ಎಂದು ಈಗ ಎಲ್ಲರಿಗೂ ಅನುಮಾನ ಹುಟ್ಟಿದೆ.

ಕ್ಲಾಸಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ನೀವು ಬಿಡುತ್ತಿರಲಿಲ್ಲ. ಅಂಥವರು ಆ ಸಾಲನ್ನು ಹಾಗೆಯೇ ಎತ್ತಿ ಹೇಳಿದ್ದು ಯಾಕೆ? ನಮ್ಮ ಮನೆಯ ವಿಷಯ ನಿಮಗೇನಾದರೂ ಗೊತ್ತೆ? ಗೊತ್ತಿದ್ದರೆ ನನಗೆ ಹೇಳಿ. ನಾನು ಇವರನ್ನು ಏನೆಂದು ನೆನೆಯಬೇಕು ಎಂಬುದಾದರೂ ತಿಳಿಯಲಿ.

ನಿಮ್ಮ ವಿದ್ಯಾರ್ಥಿನಿ
ಕಮಲ


ಭಾಗಮಂಡಲ
೪-೩-೧೯೬೫

ಬೋಜಪ್ಪನಿಗೆ ದೊಡ್ಡವ್ವನ ಆಶೀರ್ವಾದ.

ನಿನ್ನ ರೇಡಿಯೋ ಅಂಗಡಿಯ ಬೋರ್ಡಿನಲ್ಲಿ ಕುಶಾಲನಗರ ಎಂದು ಬರೆಸಿದ್ದೀಯೆ. ನನ್ನ ಕೈಗೆ ಇನ್ನೂ ಫ್ರೇಸರ್‌ಪೇಟೆ ಎಂದೇ ಬರುತ್ತದೆ. ಹೊಡೆದು ಹಾಕಿ ಮತ್ತೆ ಬರೆದಿದ್ದೇನೆ, ಕವರಿನ ಮೇಲೆ ನೋಡು.

ಸಿದ್ದಾಪುರದ ಕಮಲಳ ಮದುವೆಗೆ ಮೈಕ್‌ಸೆಟ್ಟು ನಿನ್ನದು. ಅಲ್ಲಿ ಪೂವಮ್ಮನ ಹಿಂದೆ ಕೂತು ಹಾಡಿದವಳು ಯಾರು? ಒಂದು ಸಾಲಿನಲ್ಲಿ ಉತ್ತರ ಬರೆ.

ನಾನಲ್ಲ. ಪೂವಮ್ಮ ಹಾಡುವ ಚಪ್ಪರಕ್ಕೆ ಕಾಲಿಡುವುದಿಲ್ಲವೆಂದು ಹೇಳಿ ಎರಡು ವರ್ಷ ಆಗಿದೆ, ನಿನಗೂ ಗೊತ್ತು. ಮಡಿಕೇರಿಯ ಮದುವೆಯಲ್ಲಿ ಅವಳು ಮದುಮಗನ ಅಜ್ಜಿಯ ಹೆಸರು ತಪ್ಪಿದಳು, ನಾನು ಹಿಂದಿನಿಂದ ತಿದ್ದಿ ಎತ್ತಿದೆ. ಅದು ನನ್ನ ಕೆಲಸ. ಪಟ್ಟಣದವರ ಮುಂದೆ ಮಾನ ಹೋಯಿತೆಂದು ಅವಳು ಎಲೆಯಡಿಕೆ ತಟ್ಟೆ ನೂಕಿ ಎದ್ದುಹೋದಳು. ನಾನು ಆಮೇಲೆ ಯಾರ ಜೊತೆಗೂ ಹಾಡಿಲ್ಲ. ಕಮಲಳ ಮದುವೆಯ ದಿನ ನಾನು ಕಾಲು ಉಳುಕಿ ಇಲ್ಲೇ ಮಲಗಿದ್ದೆ.

ಆದರೂ ಮೊನ್ನೆ ಗಂಡಿನ ಕಡೆಯ ಪರಮೇಶಪ್ಪ ನಮ್ಮ ಮನೆಗೆ ಬಂದವನೇ, “ಟೀಚರೇ, ನಿಮ್ಮ ದನಿ ಇನ್ನೂ ಗಟ್ಟಿ ಉಟ್ಟು” ಎಂದ.

“ಎಲ್ಲಿ ಕೇಳಿದಿರಿ?”

“ಮದುವೆಲಿ. ಮೈಕಿನ ಹಾರ್ನಿಲಿ.”

“ನಾನು ಅಲ್ಲಿಗೆ ಬರಲೇ ಇಲ್ಲ.”

ನಕ್ಕುಬಿಟ್ಟ. “ಪೂವಮ್ಮ ಕೆಮ್ಮಿದಳು, ನೀವೂ ಕೆಮ್ಮಿದಿರಿ. ಅಷ್ಟು ಒಗ್ಗಟ್ಟು ನಾ ಅಣ್ಣತಮ್ಮಂದಿರಲ್ಲೂ ನೋಡಿಲ್ಲೆ. ಇರಲಿ, ನಿಮ್ಮ ಹಿಂದೆ ಸಣ್ಣ ದನಿಲಿ ಇನ್ನೊಮ್ಮೆ ಹೇಳಿದ ಮೂರನೆಯವಳು ಯಾರು? ಬಳಿ ಹೇಳುವಲ್ಲಿ ಮಾತ್ರ ಮೂರು ಜನ ಆದಿರಲ್ಲ!”

ಇಡೀ ಚಪ್ಪರ ಕೇಳಿದೆಯಂತೆ, ಒಬ್ಬರೂ ನೋಡಿಲ್ಲವಂತೆ. ಹಾಡುವವರನ್ನು ನೀನು ಕಾಫಿ ಗೋದಾಮಿನ ಪಕ್ಕದ ಕೋಣೆಗೆ ಹಾಕಿ ಬಾಗಿಲು ಮುಚ್ಚಿದ್ದೆಯಂತೆ. ಸೋಬಾನೆಗೆ ಬಾಗಿಲು ಮುಚ್ಚುವ ಪದ್ಧತಿ ಯಾವಾಗ ಶುರುವಾಯಿತು?

ಪೂವಮ್ಮನ ಸೊಸೆ ರಾಮಮ್ಮನ ಮೇಲೆ ನನಗೆ ಅನುಮಾನ. ಮೂಗಿನಲ್ಲಿ ಎಳೆದು ನನ್ನ ಹಾಗೆ ಅಣಕಿಸುತ್ತಾಳೆಂದು ಹಿಂದೆಯೇ ಕೇಳಿದ್ದೆ.

ಇಂತು
ಹೊನ್ನಮ್ಮ


ಕುಶಾಲನಗರ
೧೫-೩-೧೯೬೫

ದೊಡ್ಡವ್ವನಿಗೆ ಬೋಜಪ್ಪ ಮಾಡುವ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಕಾಲು ಈಗ ಹೇಗಿದೆ? ಬೇವಿನೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಿ.

ರಾಮಮ್ಮ ಆ ಮದುವೆಗೆ ಬಂದೇ ಇರಲಿಲ್ಲ, ಹೆರಿಗೆಗೆ ತವರಿಗೆ ಹೋಗಿದ್ದಾಳೆ. ಆದ್ದರಿಂದ ಅವಳ ಮೇಲೆ ಅನುಮಾನ ಬೇಡ. ಉಳಿದಂತೆ ನಾನು ಆ ಹೊತ್ತಿಗೆ ಹೊರಗೆ ಸಿಲ್ವರ್ ಮರಕ್ಕೆ ಹಾರ್ನ್ ಕಟ್ಟುತ್ತಿದ್ದೆ. ಒಳಗೆ ಯಾರಿದ್ದರೆಂದು ಸರಿಯಾಗಿ ನೋಡಲಿಲ್ಲ. ಹಾರ್ನಿನಲ್ಲಿ ಎಲ್ಲರ ದನಿಯೂ ಒಂದೇ ತರಹ ಕೇಳಿಸುವುದುಂಟು.

ನಿಮ್ಮ ರೇಡಿಯೋ ಗೊರಗೊರ ಎನ್ನುತ್ತದೆ ಎಂದಿದ್ದಿರಲ್ಲ, ಬಸ್ಸಿನಲ್ಲಿ ಕಳಿಸಿದರೆ ವಾಲ್ವ್ ಬದಲಿಸಿ ಕಳಿಸುತ್ತೇನೆ.

ನಿಮ್ಮ
ಬೋಜಪ್ಪ


ಭಾಗಮಂಡಲ
೨೦-೩-೧೯೬೫

ಬೋಜಪ್ಪನಿಗೆ,

ರೇಡಿಯೋ ಗೊರಗೊರ ಎನ್ನಲಿ. ಅದು ನಿನಗಿಂತ ಸ್ಪಷ್ಟವಾಗಿ ಮಾತಾಡುತ್ತದೆ.

ಹಾಡು ನಡೆಯುವಾಗ ಹಾರ್ನ್ ಕಟ್ಟುತ್ತಿದ್ದೆಯಾ? ಕಟ್ಟದ ಹಾರ್ನಿನಲ್ಲಿ ಚಪ್ಪರದವರೆಲ್ಲ ಹೇಗೆ ಕೇಳಿದರು? ನಾಲ್ಕನೇ ಕ್ಲಾಸಿನಲ್ಲಿ ಲೆಕ್ಕದ ಉತ್ತರ ಹಿಂದಿನ ಪುಟದಿಂದ ನೋಡಿ ಬರೆದಾಗಲೂ ನೀನು ಹೀಗೇ ಮೊದಲು ನನ್ನ ಆರೋಗ್ಯ ವಿಚಾರಿಸಿದ್ದೆ.

ಈಗ ನನ್ನ ಅನುಮಾನ ಹೇಳುತ್ತೇನೆ. ಕಳೆದ ಹುತ್ತರಿ ಹಬ್ಬಕ್ಕೆ ನೀನು ಸುರುಳಿ ತಿರುಗುವ ಆ ಟೇಪ್ ರೆಕಾರ್ಡರ್ ಹೊತ್ತು ನಮ್ಮ ಮನೆಗೆ ಬಂದಿದ್ದೆ. “ದೊಡ್ಡವ್ವಾ, ಎರಡು ಸಾಲು ಹಾಡಿ, ಮಿಷನ್ನು ಪರೀಕ್ಷೆ ಮಾಡುವ” ಎಂದಿದ್ದೆ. ನಾನು ಹಾಡಿದೆ. ಆ ಸುರುಳಿ ಎಲ್ಲಿದೆ? ನನ್ನ ದನಿಯನ್ನು ಡಬ್ಬಿಯಲ್ಲಿ ತುಂಬಿ ಒಯ್ದು ಪೂವಮ್ಮನ ಹಿಂದೆ ಬಿಚ್ಚಿದೆಯಾ?

ಕೊಡಗು ತನ್ನದೇ ರಾಜ್ಯವಾಗಿದ್ದಾಗ ನಮ್ಮ ಪರವಾಗಿ ಮಾತಾಡುವವರ ಮುಖ ನಾವು ಸಂತೆಯಲ್ಲಿ ಕಾಣುತ್ತಿದ್ದೆವು. ಮೈಸೂರಿಗೆ ಸೇರಿಸಿದ ಮೇಲೆ ಬೆಂಗಳೂರಿನಲ್ಲಿ ಯಾರೋ ನಮ್ಮ ಹೆಸರಿನಲ್ಲಿ ಹೂಂ ಎನ್ನುತ್ತಾರೆ, ನಾವು ಪೇಪರಿನಲ್ಲಿ ಓದಿ ತಿಳಿಯುತ್ತೇವೆ. ಅದನ್ನು ಸಹಿಸಿಕೊಂಡಿದ್ದೇನೆ. ನಾನು ನನ್ನ ಮಂಚದಲ್ಲಿ ಮಲಗಿರುವಾಗ ಸಿದ್ದಾಪುರದಲ್ಲಿ ನನ್ನ ಹೆಸರಿನಲ್ಲಿ ಯಾರೋ ಹೂಂ ಎನ್ನುವುದನ್ನು ಸಹಿಸಲಾರೆ.

ಕಮಲ ನನಗೆ ಬರೆದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಓದು. ಕೊನೆಯ ಸಾಲನ್ನು ಎರಡು ಸಲ ಓದು. ಆಮೇಲೆ ಸುಳ್ಳು ಬರೆಯಲು ಕೈ ಬಂದರೆ ಬರೆ.

ಹೊನ್ನಮ್ಮ


ಕುಶಾಲನಗರ
೨೯-೩-೧೯೬೫

ದೊಡ್ಡವ್ವನಿಗೆ ನಮಸ್ಕಾರ.

ಓದಿದೆ. ಅಂಗಡಿಗೆ ಬಾಗಿಲು ಹಾಕಿ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ದನಿಯನ್ನು ನಾನು ಎಲ್ಲಿಯೂ ಹಾಕಿಲ್ಲ, ತಾಯಾಣೆ. ಪೂವಮ್ಮನವರ ಹಿಂದೆ ಯಾರೂ ಕೂತಿರಲಿಲ್ಲ. ಎತ್ತಿ ಹೇಳಿದ್ದು ಪೂವಮ್ಮನವರೇ.

ನನ್ನ ಹತ್ತಿರ ಈಗ ಎರಡು ಟೇಪ್ ರೆಕಾರ್ಡರ್ ಇದೆ. ಒಂದು, ತೋಟ ಬಿಟ್ಟು ಇಂಗ್ಲೆಂಡಿಗೆ ಹೊರಟ ದೊರೆಯೊಬ್ಬರಿಂದ ಕೊಂಡದ್ದು. ಇನ್ನೊಂದು ಮೈಸೂರಿನಲ್ಲಿ ಸಿಕ್ಕಿತು. ಎರಡನ್ನೂ ಉದ್ದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಎಡಗಡೆಯ ಸುರುಳಿಯ ಟೇಪನ್ನು ಎಳೆದು ಬಲಗಡೆಯ ಮಿಷನ್ನಿಗೆ ಸುತ್ತಿದೆ. ಎಡದ್ದು ದನಿ ಹಿಡಿಯುತ್ತದೆ. ಹಿಡಿದ ಜಾಗ ಮೆಲ್ಲಗೆ ಸರಿದು ಬಲದ್ದಕ್ಕೆ ತಲುಪಿದಾಗ ಅದು ನುಡಿಯುತ್ತದೆ. ಮೈಕಿನದರ ಜೊತೆ ಬಲದ್ದರಿಂದಲೂ ವೈರು ತೆಗೆದು ಆಂಪ್ಲಿಫೈಯರಿಗೆ ಕೊಟ್ಟರೆ ಹಾರ್ನಿನಲ್ಲಿ ಮೊದಲು ಹಾಡಿದ್ದು, ಸ್ವಲ್ಪ ತಡೆದು ಅದೇ ಮತ್ತೊಮ್ಮೆ. ತಡೆ ಎಷ್ಟು ಬೇಕೆಂಬುದು ಎರಡರ ನಡುವಿನ ದೂರದಲ್ಲಿದೆ. ಸಾಲು ಉದ್ದವಾದರೆ ಬಲದ್ದನ್ನು ಆಚೆ ಸರಿಸುತ್ತೇನೆ, ಗಿಡ್ಡವಾದರೆ ಈಚೆ. ಸೋಬಾನೆಯ ಸಾಲಿಗೆ ಹೊಂದಿಸಲು ಮೇಜನ್ನು ಅಳೆದು ಅಳೆದು ಸಾಕಾಯಿತು. ಟೇಪಿನಲ್ಲಿ ಹಾದು ಬಂದ ದನಿ ತುಸು ದಪ್ಪವಾಗುತ್ತದೆ. ಅದನ್ನೇ ನಿಮ್ಮದು ಎಂದುಕೊಂಡರು.

ಪೂವಮ್ಮನವರು ಒಮ್ಮೆ ಅಂಗಡಿಗೆ ಬಂದು, “ಹಿಂದೆ ಹೇಳಲಿಕ್ಕೆ ಯಾರೂ ಇಲ್ಲೆ ಬೋಜ. ಹೊಸ ಹುಡುಗಿಯರು ಸಾಲು ಮರೀತವೆ, ಇಲ್ಲದಿದ್ದರೆ ನಗಾಡ್ತವೆ” ಎಂದರು. ನಾನು ಇದನ್ನು ತೋರಿಸಿದೆ. ಒಂದು ಸಾಲು ಹಾಡಿದರು. ಅದು ತಿರುಗಿ ಬಂದಾಗ ಎದ್ದು ಹೋಗಿ ಬಾಗಿಲ ಹಿಂದೆ ನೋಡಿದರು. ಮಿಷನ್ನಿನ ಹಿಂದೆ ನೋಡಿದರು. ನನಗೆ ಬಾಯಿ ಮುಚ್ಚಿಕೊಳ್ಳಲು ಹೇಳಿ ಇನ್ನೊಮ್ಮೆ ಹಾಡಿದರು. ಆಮೇಲೆ ಕೂತು, “ಇವಳು ಒಳ್ಳೆಯವಳು, ತಿದ್ದುದಿಲ್ಲೆ” ಎಂದರು. ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು. ಹಿಂದೆ ಯಾರೂ ಇಲ್ಲದೆ ಹಾಡುವವಳು ಎಂದು ಜನ ಆಡಿಕೊಳ್ಳಬಾರದಲ್ಲ.

ಬಾಗಿಲು ಮುಚ್ಚಿದ್ದು ಹಾರ್ನಿನ ದನಿ ಮೈಕಿಗೆ ಹೊಗದಿರಲಿ ಎಂದು. ಹೊಕ್ಕರೆ ಅದನ್ನೂ ಹಿಡಿದು ಮತ್ತೆ ನುಡಿಯುತ್ತದೆ. ಬಳಿಯ ಸಾಲಿಗೆ ಸರಿಯಾಗಿ ಯಾರೋ ಕಾಫಿ ತಂದು ಬಾಗಿಲು ತೆಗೆದರು. ಪರಮೇಶಪ್ಪನವರ ಮೂರನೆಯವಳು ಅದೇ. ಕೆಮ್ಮಿನ ವಿಷಯ ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನಿಂದ ಹೀಗಾಗುತ್ತದೆಂದು ತಿಳಿದಿರಲಿಲ್ಲ.

ಬೋಜಪ್ಪ


ಭಾಗಮಂಡಲ
೩-೪-೧೯೬೫

ಬೋಜಪ್ಪನಿಗೆ,

ದನಿ ಕದ್ದೆ ಎಂದು ಬೈದದ್ದನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಉಳಿದ ಬೈಗುಳ ನಿನ್ನಲ್ಲೇ ಇರಲಿ.

ಎತ್ತಿ ಹೇಳುವುದೆಂದರೆ ಹೇಳಿದ್ದನ್ನೇ ಹೇಳುವುದು ಎಂದುಕೊಂಡೆಯಾ? ಹಾಗಿದ್ದರೆ ಗಿಳಿ ಸಾಕಿದರೆ ಆಗುತ್ತಿತ್ತು. ಹಿಂದೆ ಕೂರುವವಳು ಮದುವೆಗೆ ಮೊದಲೇ ಎರಡೂ ಮನೆಯ ಹಿರಿಯರನ್ನು ಕಂಡು ಬಳಿ, ಹೆಸರು, ಸತ್ತವರು, ಇದ್ದವರು ಎಲ್ಲ ಕೇಳಿಕೊಂಡು ಬಂದಿರಬೇಕು. ಮುಂದಿನವಳಿಗೆ ರಾಗ, ಮಾತು, ತಾಳ ಎಲ್ಲದರ ಗಮನ. ತಪ್ಪುವುದು ಸಹಜ. ಅವಳು ತಪ್ಪಿದಲ್ಲಿ ಹಿಂದಿನವಳು ಸರಿಯಾದದ್ದನ್ನು ಎತ್ತುತ್ತಾಳೆ, ಮುಂದಿನವಳು ಅದನ್ನೇ ಮತ್ತೆ ಹಾಡಿ ಮುಂದೆ ಹೋಗುತ್ತಾಳೆ. ಇಬ್ಬರ ಬಾಯಲ್ಲೂ ಒಂದೇ ಬಂದ ಮೇಲೆ ನಮ್ಮವರು ಅದನ್ನು ಹಾಡು ಎನ್ನುವುದಿಲ್ಲ, ಸಾಕ್ಷಿ ಎನ್ನುತ್ತಾರೆ. ನಿನ್ನ ಎರಡು ಡಬ್ಬಿ ಸೇರಿ ಒಂದು ಹೆಣ್ಣಿನ ಮೇಲೆ ಸಾಕ್ಷಿ ಹೇಳಿಬಿಟ್ಟವು.

ನಾನೀಗ ಚೇರಂಬಾಣೆಗೆ ಹೋಗಿ, ಅದು ನಾನಲ್ಲ, ಮಿಷನ್ನು ಎಂದರೆ ಪರಮೇಶಪ್ಪ ಏನೆಂದಾನು? ಹೆಣ್ಣಿನ ಕಡೆಯವರು ಟೀಚರಿಗೆ ಹೇಳಿಕೊಟ್ಟಿದ್ದಾರೆ ಎಂದಾನು. ನಾನು ಅವನ ಜಾಗದಲ್ಲಿದ್ದರೂ ಹಾಗೇ ಅನ್ನುತ್ತಿದ್ದೆ. ಆದ್ದರಿಂದ ಕಣ್ಣಿಗೆ ತೋರಿಸಬೇಕು. ಈ ತಿಂಗಳ ಇಪ್ಪತ್ತೈದು ಭಾನುವಾರ. ಚೇರಂಬಾಣೆಯಲ್ಲಿ ಗಂಡಿನ ಕಡೆಯ ಹಿರಿಯರೆಲ್ಲ ಸೇರುತ್ತಾರೆ, ನಾನು ಹೇಳಿಕಳಿಸಿದ್ದೇನೆ. ನೀನು ಎರಡೂ ಮಿಷನ್ನು ಹೊತ್ತು ಬಾ. ಪೂವಮ್ಮನೂ ಬರಬೇಕು. ಅವಳು ಹಾಡಿದ್ದೇ ತಿರುಗಿ ಬಂತೆಂದು ಅವಳ ಬಾಯಿಂದಲೇ ತಿಳಿಯಬೇಕು. ಕರೆಯುವುದು ನಿನ್ನ ಕೆಲಸ. ನಾನು ಕರೆಯಲಾರೆ.

ಅಷ್ಟರಲ್ಲಿ ನಾನು ಸಂಪಾಜೆಗೆ ಹೋಗಿಬರುತ್ತೇನೆ. ಕಮಲಳ ಮುತ್ತಜ್ಜನ ಮೂಲಮನೆಯಲ್ಲಿ ಪೂವಯ್ಯ ಎಂಬ ಮುದುಕರು ಇದ್ದಾರಂತೆ. ಬಳಿ ಯಾವುದೆಂದು ಅವರನ್ನೇ ಕೇಳುತ್ತೇನೆ. ಸುಳ್ಳಿದ್ದರೆ ಅದೂ ಹೊರಗೆ ಬರಲಿ. ಕಮಲ ನನ್ನ ಹುಡುಗಿ ಎಂದು ನಾನು ಕಣ್ಣು ಮುಚ್ಚಿಕೊಳ್ಳುವವಳಲ್ಲ.

ಹೊನ್ನಮ್ಮ


ಕುಶಾಲನಗರ
೧೪-೪-೧೯೬೫

ದೊಡ್ಡವ್ವನಿಗೆ ನಮಸ್ಕಾರ.

ಪೂವಮ್ಮನವರ ಮನೆಗೆ ಹೋಗಿದ್ದೆ. ಹಲಸಿನಕಾಯಿ ಕೊಯ್ಯುತ್ತಾ ಕೂತಿದ್ದರು. ನಿಮ್ಮ ಹೆಸರು ಎತ್ತಿದ ಕೂಡಲೇ ಕತ್ತಿ ನನ್ನ ಕಡೆ ತಿರುಗಿತು.

“ಟೀಚರಮ್ಮ ಕಳಿಸಿದ್ದಾ? ಊರ ಮುಂದೆ ನನ್ನ ತಪ್ಪು ಇನ್ನೊಮ್ಮೆ ತೋರಿಸಲಿಕ್ಕೆ? ಈ ಸಲ ಕರಿಹಲಗೆಯೂ ತರ್ತದಾ ಅವಳು?”

ನಾನು ಕಮಲಳ ವಿಷಯ ಹೇಳಿದೆ. ಬಾಯಿ ತಪ್ಪಿದ್ದು ಅವರಿಗೆ ಗೊತ್ತೇ ಇರಲಿಲ್ಲ, ದೊಡ್ಡವ್ವಾ. ತಿರುಗಿ ಬಂದದ್ದನ್ನು ಕೇಳಿಯೂ ಗೊತ್ತಾಗಲಿಲ್ಲವಂತೆ. “ತಪ್ಪಿದರೆ ಹಿಂದಿಂದ ಬೇರೆ ಮಾತು ಬರ್ತದೆ, ಆಗ ಗೊತ್ತಾಗುದು. ಅಂದು ಹಾಗೇ ಬಂತು. ಸರಿ ಉಟ್ಟು ಅಂತ ಮುಂದೆ ಹೋದೆ” ಎಂದರು. ಅಷ್ಟು ಹೇಳಿ ಕತ್ತಿಗೆ ಹತ್ತಿದ ಕಾಯಿಯ ಅಂಟು ಬಿಡಿಸಿದರು.

ಆಮೇಲೆ ಮತ್ತೆ ಸಿಟ್ಟು. “ನಾ ಬರುದಿಲ್ಲೆ. ಅವಳು ಹಿಂದೆ ಕೂತರೆ ನನ್ನ ಬೆನ್ನು ಉರೀತದೆ. ಪ್ರತಿ ಸಾಲಿಗೂ, ಈಗ ಹಿಡೀತಾಳಾ, ಈಗ ಹಿಡೀತಾಳಾ ಅಂತ. ಹೋಗು ನೀನು.”

ನಾನು ಅಂಗಳ ದಾಟಿ ಗೇಟಿನ ಹತ್ತಿರ ಬಂದಿದ್ದೆ. ಕೂಗಿ ಕೇಳಿದರು: “ಆ ಹುಡುಗಿ ಊಟ ಮಾಡ್ತದಾ?”

ಸರಿಯಾಗಿ ಮಾಡುವುದಿಲ್ಲವಂತೆ ಎಂದೆ. ಅವರು ಮತ್ತೆ ಹಲಸಿನಕಾಯಿಗೆ ಕತ್ತಿ ಹಾಕಿದರು. ಬರುತ್ತಾರೋ ಇಲ್ಲವೋ ನನಗೆ ತಿಳಿಯದು. ನಾನು ಮಿಷನ್ನು ತರುತ್ತೇನೆ.

ಬೋಜಪ್ಪ


ಭಾಗಮಂಡಲ
೨೬-೪-೧೯೬೫

ಚಿ. ಸೌ. ಕಮಲಳಿಗೆ ಆಶೀರ್ವಾದ.

ನಿನ್ನ ಪತ್ರಕ್ಕೆ ಎರಡು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ಈಗ ಇದೆ. ಮೊದಲು ಮುಖ್ಯವಾದದ್ದು: ಬರುವ ಗುರುವಾರ ದೇರಪ್ಪ ನಿನ್ನನ್ನು ಕರೆದೊಯ್ಯಲು ಬರುತ್ತಾನೆ. ಟ್ರಂಕು ತುಂಬಿಡು. ಅವನನ್ನು ನೀನು ಗಂಡನೆಂದೇ ನೆನೆಯಬಹುದು. ಸಂಪಾಜೆಯಲ್ಲಿ ಪೂವಯ್ಯನವರನ್ನು ನಾನೇ ಕಂಡು ಕೇಳಿದ್ದೇನೆ. ನಿಮ್ಮದು ಬಂಗಾರು ಬಳಿ. ನಾನು ಅನುಮಾನಪಟ್ಟು ನಾಲ್ಕು ರೀತಿಯಲ್ಲಿ ಕೇಳಿದೆ, ನಾಲ್ಕು ಸಲವೂ ಮುದುಕರು ರೇಗಿಕೊಂಡೇ ಅದನ್ನೇ ಹೇಳಿದರು.

ಇನ್ನು ನಿನ್ನೆಯ ವಿಷಯ. ನಿನ್ನ ಮದುವೆಯಲ್ಲಿ ಎತ್ತಿ ಹೇಳಿದ್ದು ನಾನಲ್ಲ, ನಮ್ಮ ಬೋಜಪ್ಪನ ಎರಡು ಟೇಪ್ ರೆಕಾರ್ಡರುಗಳು. ಪೂವಮ್ಮನ ದನಿಯನ್ನೇ ತಡೆದು ತಿರುಗಿ ಕೊಟ್ಟವು. ಚೇರಂಬಾಣೆಯ ಚಾವಡಿಯಲ್ಲಿ ಅವುಗಳನ್ನು ಜೋಡಿಸಿ ಎಲ್ಲರಿಗೂ ತೋರಿಸಿದೆವು. ಪೂವಮ್ಮ ಬಂದಿದ್ದಳು. ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಪರಮೇಶಪ್ಪ ಸುಲಭದವನಲ್ಲ. ಮೇಜಿನ ಅಡಿ ಬಗ್ಗಿ ನೋಡಿದ. ಬೋಜಪ್ಪ ಬಾಯಿ ಅಲ್ಲಾಡಿಸದೆ ಮಾತಾಡುತ್ತಾನೆಂದು ಅವನನ್ನು ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿದ. ಆಮೇಲೆ ಮೈಕಿನ ಮುಂದೆ ನಿಂತು ಗದರಿದ: “ನಿನ್ನ ಬಳಿ ಯಾವುದು? ನಿಜ ಹೇಳು!”

ಹಾರ್ನು ಅವನದೇ ದನಿಯಲ್ಲಿ ಅವನಿಗೇ ಗದರಿತು: “ನಿನ್ನ ಬಳಿ ಯಾವುದು? ನಿಜ ಹೇಳು!”

“ನಂದರ ಬಳಿ” ಎಂದುಬಿಟ್ಟ ಪಾಪ, ಗಾಬರಿಯಲ್ಲಿ. ಅದೂ ತಿರುಗಿ ಬಂತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ದೇರಪ್ಪ ಕಂಬದ ಮರೆಗೆ ಹೋಗಿ ನಗುತ್ತಿದ್ದ, ನಾನು ನೋಡಿದೆ.

ಆದರೆ ಪರಮೇಶಪ್ಪ ನಗಲಿಲ್ಲ. “ಆಯ್ತು. ಇದಕ್ಕೆ ಬುದ್ಧಿ ಇಲ್ಲೆ. ಇದರ ಸಾಕ್ಷಿ ಸಾಕ್ಷಿ ಅಲ್ಲ. ಹಾಗಾದರೆ ನಮ್ಮ ಹುಡುಗನ ಮದುವೆಲಿ ಬಳಿಯನ್ನು ಯಾರೂ ಎತ್ತಿಲ್ಲೆ ಅಂತ ಆಯ್ತಲ್ಲ? ಎತ್ತದ ಮದುವೆಯ ಹೆಣ್ಣನ್ನು ನಾ ಹೇಗೆ ಕರ್ಕೊಂಡು ಬರ್ಲಿ?” ಎಂದ. ಅದು ನ್ಯಾಯವಾದ ಪ್ರಶ್ನೆ.

ಪೂವಮ್ಮ ಎದ್ದು ಹೋಗಿ ಮಿಷನ್ನಿನ ಗುಂಡಿ ತಿರುಗಿಸಿ ನಿಲ್ಲಿಸಿದಳು. ಚಾಪೆ ಎಳೆದು ಕೂತಳು. ತನ್ನ ಹಿಂದೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ಬೇರೆ ಯಾರೂ ಏಳಲಿಲ್ಲ. ನಾನು ಹೋಗಿ ಕೂತೆ.

ಅವಳ ರಾಗ ಹಾಗೆಯೇ ಇದೆ. ನನ್ನ ದನಿಯೇ ಮೊದಲ ಎರಡು ಸಾಲು ಒಡೆಯಿತು, ಎರಡು ವರ್ಷ ಯಾರ ಜೊತೆಗೂ ಹಾಡಿರಲಿಲ್ಲವಲ್ಲ. ಗಂಡಿನದು ನಂದರ ಬಳಿ ಎಂದಳು, ಎತ್ತಿದೆ. ಮುಂದಿನ ಸಾಲಿಗೆ ಉಸಿರು ತೆಗೆದಳು.

“ಹೆಣ್ಣಿನದು ನಂದರ ಬಳಿ ಸೋಬಾನೆ” ಎಂದಳು.

ಪರಮೇಶಪ್ಪ ಅರ್ಧ ಎದ್ದ. ನಾನು ಎತ್ತಿದೆ: “ಹೆಣ್ಣಿನದು ಬಂಗಾರು ಬಳಿ ಸೋಬಾನೆ.” ಗಟ್ಟಿಯಾಗಿಯೇ ಎತ್ತಿದೆ, ಮಡಿಕೇರಿಯಲ್ಲಿ ಎತ್ತಿದಷ್ಟೇ ಗಟ್ಟಿಯಾಗಿ. ಪೂವಮ್ಮ ಕತ್ತು ಒಂದಿಷ್ಟೂ ತಿರುಗಿಸದೆ, ಬಂಗಾರು ಬಳಿ ಎಂದು ಮತ್ತೆ ಹಾಡಿ ಮುಂದಿನ ಸಾಲಿಗೆ ಹೋದಳು. ಪರಮೇಶಪ್ಪ ಕೂತ. ಹಾಡು ಮುಗಿದ ಮೇಲೆ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. “ಈಗ ಎತ್ತಿದ ಹಾಗಾಯ್ತು. ಗುರುವಾರ ಜೀಪು ಕಳಿಸುವ” ಎಂದ ಪರಮೇಶಪ್ಪನೇ.

ಒಂದು ಅನುಮಾನ ಉಳಿದಿದೆ ಕಮಲ, ಬೇರೆ ಯಾರಿಗೂ ಬರೆಯಲಾರೆ. ಪೂವಮ್ಮ ಹೆಸರು ತಪ್ಪುತ್ತಾಳೆ, ವರಸೆ ತಪ್ಪುತ್ತಾಳೆ. ಆದರೆ ಒಂದು ಕಡೆ ತಪ್ಪಿದ್ದನ್ನು ಅದೇ ಕಡೆ ಇನ್ನೊಮ್ಮೆ ತಪ್ಪಿದ್ದು ನನ್ನ ನೆನಪಿನಲ್ಲಿ ಇಲ್ಲ. ಅದೂ ನಿನ್ನ ಬಾಳು ತೂಗುತ್ತಿದ್ದ ಸಾಲಿನಲ್ಲಿ, ಊರೆಲ್ಲ ಕಿವಿ ನಿಗುರಿಸಿ ಕೂತಿರುವಾಗ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇತ್ತು, ಇಬ್ಬರೂ ಕೂತೆವು. ಚೇರಂಬಾಣೆಯ ತಿರುವು ದಾಟಿದ ಮೇಲೆ ಬೇಕೆಂದೇ ತಪ್ಪಿದೆಯಾ ಎಂದು ಕೇಳಿಯೇಬಿಡೋಣವೆಂದು ಬಾಯಿ ತೆರೆದೆ.

“ಆ ಕಿಟಕಿಯ ಶಟರು ಇಳಿಸು, ಹೊನ್ನಕ್ಕ. ಧೂಳು ಬರ್ತದೆ” ಎಂದಳು.

ಇಳಿಸಿದೆ.

ನಿನ್ನ ಟೀಚರ್
ಹೊನ್ನಮ್ಮ